ಫ್ರೆಂಚ್ ಕಲ್ಲುಗಳ ಹೆಸರು ಇಂಗ್ಲಿಷಿಗೆ: ಮೊದಲು ಹೆಸರಿಟ್ಟವರು ಯಾರು ಅಂತ ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿದ್ದು ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಬರುವುದೆಲ್ಲ ಕರಾರು ಪತ್ರ, ಯಂತ್ರಗಳ ಕೈಪಿಡಿ ಇಂಥವು. ಈ ಸಲ ಫ್ರಾನ್ಸಿನ ಹಳೆಯ ಕಟ್ಟಡಗಳ ದುರಸ್ತಿ ವರದಿಯೊಂದು ಬಂದಿದೆ. ಪುಟ ಪುಟದಲ್ಲೂ ಕಲ್ಲಿನ ಹೆಸರು: ಪಿಯೇರ್ ದ ತಾಯ್, ಮ್ವಾಲೋಂ, ಮೊಲಿಯೇರ್, ತ್ಯುಫೋ, ಶಿಸ್ತ್, ಲೋಜ್, ಲಿಯೇ. ನಿಘಂಟು ಒಂದೊಂದಕ್ಕೆ ನಾಲ್ಕು ಅರ್ಥ ಕೊಡುತ್ತದೆ. ಕಂಪ್ಯೂಟರ್ ಅನುವಾದವಂತೂ ಒಂದು ಕಡೆ ‘ಅಪರಾಧದಲ್ಲಿ ಇಟ್ಟ ಕಲ್ಲು’ ಅಂದಿದೆ! ಒಂದು ಫ್ರೆಂಚ್–ಇಂಗ್ಲಿಷ್ ಪಟ್ಟಿ ಕೊಡುತ್ತೀರಾ?

ಉತ್ತರ: ಆ ಅಪರಾಧದ ಕಲ್ಲಿನಿಂದಲೇ ಶುರು ಮಾಡೋಣ. ನಿಮ್ಮ ವರದಿಯಲ್ಲಿ ಇರುವುದು ‘ಪೋಸೇ ಆಂ ದೇಲೀ’ ಅಂತ ಇರಬೇಕು. ಕೋರ್ಟಿನ ಫ್ರೆಂಚಿನಲ್ಲಿ ದೇಲೀ ಅಂದರೆ ಅಪರಾಧ, ನಿಜ. ಕಲ್ಲು ಕೆಲಸದವರ ದೇಲೀ ಬೇರೆ. ಅವರಿಗೆ ‘ಲೀ’ ಅಂದರೆ ಕ್ವಾರಿಯಲ್ಲಿ ಕಲ್ಲು ಮಲಗಿದ್ದ ಪದರ. ಸುಣ್ಣಕಲ್ಲು, ಮರಳುಗಲ್ಲು ಇವೆಲ್ಲ ಪದರ ಪದರವಾಗಿ ಕೂತು ಗಟ್ಟಿಯಾದವು. ಗೋಡೆಯಲ್ಲೂ ಅವು ಕ್ವಾರಿಯಲ್ಲಿ ಮಲಗಿದ್ದ ಹಾಗೇ ಮಲಗಬೇಕು ಅನ್ನುವುದು ಮೇಸ್ತ್ರಿಗಳ ಹಳೆಯ ಕಟ್ಟಳೆ. ಎಬ್ಬಿಸಿ ನಿಲ್ಲಿಸಿದರೆ ಅದು ‘ಆಂ ದೇಲೀ’, ಅಂದರೆ ಪದರ ತಪ್ಪಿಸಿ ಇಟ್ಟದ್ದು. ಮಳೆ, ಹಿಮ ಬಿದ್ದಾಗ ಮುಖದ ಪದರಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ದುರಸ್ತಿ ವರದಿಯಲ್ಲಿ ಈ ಮಾತು ಬರುವುದು ಬಹುಪಾಲು ಇದೇ ಕಾರಣಕ್ಕೆ.

ಈಗ ಇಂಗ್ಲಿಷ್ ಕಡೆ ಬನ್ನಿ. ಇಂಗ್ಲಿಷ್ ಮೇಸ್ತ್ರಿಗಳಿಗೆ ಇದಕ್ಕೆ ಎರಡು ಮಾತುಗಳಿವೆ. ಪದರಗಳು ನೆಟ್ಟಗೆ ನಿಂತು ಗೋಡೆಯ ಮುಖಕ್ಕೆ ಸಮಾನಾಂತರವಾಗಿದ್ದರೆ ‘ಫೇಸ್ ಬೆಡೆಡ್’. ನೆಟ್ಟಗೆ ನಿಂತು ಗೋಡೆಯ ಒಳಮುಖವಾಗಿ ಹೋಗಿದ್ದರೆ ‘ಎಡ್ಜ್ ಬೆಡೆಡ್’. ಮೊದಲನೆಯದು ಕೆಟ್ಟದ್ದು. ಎರಡನೆಯದನ್ನು ಕಾರ್ನಿಸಿನಂಥ ಚಾಚಿಕೊಂಡ ಕಲ್ಲುಗಳಿಗೆ ಬೇಕಂತಲೇ ಮಾಡುತ್ತಾರೆ. ಫ್ರೆಂಚಿನಲ್ಲಿ ಎರಡೂ ದೇಲೀಯೇ. ಆದ್ದರಿಂದ ಫೋಟೋ ನೋಡದೆ ಅನುವಾದ ಆಗುವುದಿಲ್ಲ. ಸಾಲದ್ದಕ್ಕೆ ಮೂರನೆಯದೊಂದಿದೆ. ಗೋಥಿಕ್ ಚರ್ಚುಗಳಲ್ಲಿ ಉದ್ದನೆಯ ಸಪೂರ ಕಂಬಗಳಿರುತ್ತವಲ್ಲ, ಅವನ್ನೂ ಆಂ ದೇಲೀ ಕಡಿದು ನಿಲ್ಲಿಸಿದ್ದಾರೆ. ಅಷ್ಟು ಎತ್ತರದ ಪದರ ಕ್ವಾರಿಯಲ್ಲಿ ಸಿಗುವುದಿಲ್ಲ, ಬೇರೆ ದಾರಿಯಿಲ್ಲ. ಆ ಕಂಬಗಳ ಬಗ್ಗೆ ಬರೆಯುವಾಗ ಇಂಗ್ಲಿಷ್ ಕಲಾ ಇತಿಹಾಸಕಾರರು ಫ್ರೆಂಚ್ ಮಾತನ್ನೇ ಹಾಗೇ ಇಡುತ್ತಾರೆ. ಒಂದು ಮಾತಿಗೆ ಮೂರು ಉತ್ತರ. ಪಟ್ಟಿಯಲ್ಲಿ ಇದನ್ನು ಹೇಗೆ ತುಂಬಿಸಲಿ, ಹೇಳಿ!

ಪಟ್ಟಿ ಕೈಕೊಡುವುದಕ್ಕೆ ದೊಡ್ಡ ಕಾರಣ ಇನ್ನೊಂದಿದೆ. ಈ ಹೆಸರುಗಳನ್ನು ಇಟ್ಟವರು ಬೇರೆ ಬೇರೆ ಜನ. ಮೇಸ್ತ್ರಿ ಗಾತ್ರ ನೋಡಿ ಹೆಸರಿಟ್ಟ. ಕ್ವಾರಿಯವನು ಪದರ ನೋಡಿ ಇಟ್ಟ. ಮನೆಯ ಮಾಡು (ಛಾವಣಿ) ಹೊದಿಸುವವನಿಗೆ ಕಲ್ಲು ಚಪ್ಪಟೆಯಾಗಿ ಸೀಳಿದರೆ ಸಾಕಿತ್ತು. ವ್ಯಾಪಾರಿ ಹೊಳಪು ನೋಡಿದ. ಕಲ್ಲಿನೊಳಗೆ ಏನಿದೆ ಅಂತ ನೋಡಿ ಹೆಸರಿಡುವ ಭೂವಿಜ್ಞಾನಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಹಾಗಾಗಿ ಒಂದು ಹೆಸರು ಎದುರಾದಾಗ ‘ಇದು ಯಾವ ಕಲ್ಲು’ ಅಂತ ನಿಘಂಟು ತೆಗೆಯುವ ಮೊದಲು, ‘ಇದನ್ನು ಹೇಳುತ್ತಿರುವುದು ಯಾರು’ ಅಂತ ನೋಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮ್ವಾಲೋಂ ಮೇಸ್ತ್ರಿಯ ಮಾತು. ಒಬ್ಬ ಆಳು ಎತ್ತಿ ಇಡಬಹುದಾದಷ್ಟು ದೊಡ್ಡ, ಒರಟಾದ ಕಟ್ಟಡದ ಕಲ್ಲು. ನಮ್ಮ ಕಡೆ ಪಾಯಕ್ಕೆ ‘ಸೈಜುಗಲ್ಲು’ ತರಿಸುತ್ತೇವಲ್ಲ, ಆ ಜಾತಿಯ ಹೆಸರು. ಸೈಜುಗಲ್ಲು ಅಂದಾಗ ಅದು ಯಾವ ಶಿಲೆ ಅಂತ ಯಾರೂ ಕೇಳುವುದಿಲ್ಲ. ಮ್ವಾಲೋಂ ಕೂಡ ಸುಣ್ಣಕಲ್ಲಾಗಬಹುದು, ಮರಳುಗಲ್ಲಾಗಬಹುದು, ಗ್ರಾನೈಟೂ ಆಗಬಹುದು. ಇಂಗ್ಲಿಷ್ ಕಟ್ಟಡ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ‘ರಬಲ್’. ಮ್ವಾಲೋಂ ಬ್ರ್ಯೂ ಅಂದರೆ ಏನೂ ಕೆತ್ತದೆ ಇಟ್ಟದ್ದು, ಅದರ ಗೋಡೆ ‘ರಾಂಡಮ್ ರಬಲ್’. ಮೂಲೆ ಒಪ್ಪ ಮಾಡಿದ ಮ್ವಾಲೋಂ ಏಕಾರಿ ‘ಸ್ಕ್ವೇರ್ಡ್ ರಬಲ್’. ಎಂಜಿನಿಯರುಗಳು ಓದುವ ವರದಿಗೆ ಇದು ಸರಿ. ಅದೇ ಮಾತು ಪ್ರವಾಸಿಗರ ಕೈಪಿಡಿಯಲ್ಲೋ ಮನೆ ಮಾರಾಟದ ಜಾಹೀರಾತಿನಲ್ಲೋ ಬಂದರೆ ಓದುವವರಿಗೆ ಬಿದ್ದ ಕಟ್ಟಡದ ಅವಶೇಷ ನೆನಪಾಗುತ್ತದೆ. ಅಲ್ಲಿ ‘ರಫ್ ಸ್ಟೋನ್’ ಅಂದುಬಿಡಿ, ಯಾರಿಗೂ ನಷ್ಟವಿಲ್ಲ.

ಪಿಯೇರ್ ದ ತಾಯ್ ಅಂದರೆ ಅಳತೆಗೆ ಸರಿಯಾಗಿ ಕೆತ್ತಿದ ದೊಡ್ಡ ಕಲ್ಲು. ಇದೂ ಶಿಲೆಯ ಹೆಸರಲ್ಲ, ಕೆಲಸದ ಹೆಸರು. ಗೋಡೆಯ ಬಗ್ಗೆ ಮಾತಾದರೆ ‘ಆ್ಯಶ್ಲರ್’. ಕ್ವಾರಿಯ ಉತ್ಪನ್ನ, ವ್ಯಾಪಾರದ ಲೆಕ್ಕ ಅಂತಾದರೆ ‘ಡೈಮೆನ್ಷನ್ ಸ್ಟೋನ್’. ಅಮೆರಿಕದ ಓದುಗರಿಗಾದರೆ ‘ಕಟ್ ಸ್ಟೋನ್’ ಸಲೀಸು. 19ನೇ ಶತಮಾನದಲ್ಲಿ ಓಸ್ಮಾನ್ ಎಂಬ ಆಡಳಿತಾಧಿಕಾರಿ ಪ್ಯಾರಿಸ್ಸನ್ನು ಅಗೆದು ಮತ್ತೆ ಕಟ್ಟಿಸಿದಾಗ ಬೀದಿಗಳುದ್ದಕ್ಕೂ ಎದ್ದ ಮನೆಗಳ ಮುಂಭಾಗ ಪಿಯೇರ್ ದ ತಾಯ್. ಇವತ್ತಿಗೂ ಪ್ಯಾರಿಸ್ಸಿನ ಮನೆ ದಲ್ಲಾಳಿಗಳು ಆ ಮೂರು ಪದ ಹಾಕಿದರೆ ಬೆಲೆ ಏರುತ್ತದೆ ಅಂತ ಅರ್ಥ. ಅಂಥ ಜಾಹೀರಾತಿಗೆ ಆ್ಯಶ್ಲರ್ ಅಂತ ಬರೆದರೆ ಯಾರಿಗೂ ತಿಳಿಯದು.

ಪಾರ್ಪೇಂ ಅನ್ನುವುದರ ಹತ್ತಿರ ಹುಷಾರಾಗಿರಿ. ಇವತ್ತಿನ ಫ್ರೆಂಚರಿಗೆ ಅದು ಸಿಮೆಂಟ್ ಬ್ಲಾಕ್. ಹಳೆಯ ಬರಹದಲ್ಲಿ ಗೋಡೆಯ ಈ ಮುಖದಿಂದ ಆ ಮುಖದ ತನಕ ಒಂದೇ ತುಂಡಾಗಿ ಹಾಯುವ ಕಲ್ಲು. ಇಂಗ್ಲಿಷಿನಲ್ಲಿ ‘ಥ್ರೂ ಸ್ಟೋನ್’. ಇಂಗ್ಲಿಷಿನ ‘ಪರ್ಪೆಂಡ್’ ಇದೇ ಪದದ ನೆಂಟ. ಆದರೆ ಇವತ್ತು ಇಟ್ಟಿಗೆ ಕೆಲಸದವರು ಪರ್ಪೆಂಡ್ ಅನ್ನುವುದು ಇಟ್ಟಿಗೆಗಳ ನಡುವಿನ ನಿಲುವು ಸಂದಿಗೆ. ಎರಡು ಭಾಷೆಯಲ್ಲೂ ಮಾತು ಜಾಗ ಬಿಟ್ಟಿದೆ, ಬೇರೆ ಬೇರೆ ದಿಕ್ಕಿಗೆ. ಹಾಗೇ ‘ಬ್ಲೋಕಾಜ್’ ಕಂಡರೆ ತಡೆ, ಅಡಚಣೆ ಅಂತ ಬರೆಯಬೇಡಿ. ಗೋಡೆಯ ಎರಡು ಮುಖಗಳ ನಡುವೆ ಗಾರೆ ಹಾಕಿ ತುಂಬಿದ ಚೂರು ಕಲ್ಲು ಅದು, ‘ರಬಲ್ ಕೋರ್’. ‘ಅಪಾರೆಯ್’ ಯಂತ್ರವಲ್ಲ, ಕಲ್ಲು ಜೋಡಿಸಿದ ವರಸೆ.

ಈ ನೆಂಟಸ್ತಿಕೆ ಬಗ್ಗೆ ಒಂದು ಮಾತು. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಕಲ್ಲು, ಮೇಸ್ತ್ರಿಗಳು, ಮಾತು ಎಲ್ಲ ಕಡಲು ದಾಟಿ ಹೋದವು. ನಾರ್ಮಂಡಿಯ ಕಾಂ ಊರಿನ ಸುಣ್ಣಕಲ್ಲು ಲಂಡನ್ ಟವರಿನಲ್ಲಿದೆ. ಕ್ಯಾಂಟರ್ಬರಿ ಕೆಥೆಡ್ರಲ್ 1174ರಲ್ಲಿ ಸುಟ್ಟಾಗ ಅದನ್ನು ಮತ್ತೆ ಕಟ್ಟಲು ಬಂದ ಸಾನ್ಸ್ ಊರಿನ ಫ್ರೆಂಚ್ ಮೇಸ್ತ್ರಿ ತರಿಸಿದ್ದೂ ಅದೇ ಕಲ್ಲು. ಹೀಗಾಗಿ ‘ಪಿಯೇರ್ ದ ಕಾಂ’ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಂಗ್ಲಿಷರು ಅದನ್ನು ತಮ್ಮದೇ ಕಲ್ಲಿನ ಹಾಗೆ ‘ಕಾನ್ ಸ್ಟೋನ್’ ಅನ್ನುತ್ತಲೇ ಬಂದಿದ್ದಾರೆ. ಕ್ವಾರಿ, ಆ್ಯಶ್ಲರ್ ಎರಡೂ ಹಳೆಯ ಫ್ರೆಂಚಿನಿಂದ ಹೋದ ಮಾತುಗಳೇ. ಎದುರು ದಿಕ್ಕಿನಲ್ಲೂ ಒಂದು ಬಂದಿದೆ. ದುಂಡುಗಲ್ಲುಗಳು ಅಂಟಿಕೊಂಡು ಆದ ಶಿಲೆಗೆ ಫ್ರೆಂಚರು ‘ಪೂದೇಂಗ್’ ಅನ್ನುತ್ತಾರೆ. ಅದು ಇಂಗ್ಲಿಷರ ‘ಪುಡಿಂಗ್ ಸ್ಟೋನ್’. ಭೂವಿಜ್ಞಾನದ ಬರಹವಾದರೆ ‘ಕಾಂಗ್ಲೊಮೆರೇಟ್’ ಅಂತ ಹಾಕಿ.

ಆದರೆ ನೆಂಟರನ್ನೇ ನಂಬಿ ಕೂತರೆ ಲಿಯೇ ಎಂಬ ಪ್ಯಾರಿಸ್ಸಿನ ಸುಣ್ಣಕಲ್ಲಿನ ಹತ್ತಿರ ಎಡವುತ್ತೀರಿ. ಇಂಗ್ಲಿಷಿನಲ್ಲಿ ‘ಲಯಸ್’ ಅನ್ನುವ ಪದವಿದೆ, ಹಳೆಯ ಫ್ರೆಂಚಿನ ಲಿಯೇಯಿಂದಲೇ ಬಂದದ್ದು ಅನ್ನುತ್ತಾರೆ. ಆದರೆ ಲಯಸ್ ಈಗ ಜುರಾಸಿಕ್ ಕಾಲದ ಆರಂಭದ ಶಿಲೆಗಳ ಹೆಸರು, ಸುಮಾರು 20 ಕೋಟಿಯಿಂದ 17.5 ಕೋಟಿ ವರ್ಷ ಹಳೆಯವು. ಪ್ಯಾರಿಸ್ಸಿನ ಲಿಯೇಗೆ ಸುಮಾರು 4.5 ಕೋಟಿ ವರ್ಷ. ನಡುವೆ ಡೈನೋಸಾರ್‌ಗಳ ಬಹುಪಾಲು ಕಥೆಯೇ ನಡೆದುಹೋಗಿದೆ!

ಪ್ಯಾರಿಸ್ಸಿನ ವಿಷಯ ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ವರದಿಯ ಕಷ್ಟದ ಭಾಗ ಇದೇ ಆಗಿರುತ್ತದೆ. ಪ್ಯಾರಿಸ್ ತನ್ನ ಕಾಲ ಕೆಳಗಿನ ಕಲ್ಲನ್ನೇ ಅಗೆದು ಮೇಲೆ ಕಟ್ಟಿಕೊಂಡ ಊರು. ಕೆಳಗೆ ಟೊಳ್ಳಾಗಿ ಬೀದಿ ಕುಸಿಯತೊಡಗಿದಾಗ 1777ರಲ್ಲಿ ಅದನ್ನು ನೋಡಿಕೊಳ್ಳಲೆಂದೇ ಒಂದು ಇಲಾಖೆ ಹುಟ್ಟಿತು, ಇವತ್ತಿಗೂ ಇದೆ. ಆ ಕಲ್ಲಿನ ಒಟ್ಟು ಹೆಸರು ‘ಕಾಲ್ಕೇರ್ ಗ್ರೋಸಿಯೇ’, ಮಾತಿನಂತೆ ಒರಟು ಸುಣ್ಣಕಲ್ಲು. ಕುವಿಯೇ ಮತ್ತು ಬ್ರೋನ್ಯಾರ್ ಎಂಬ ಫ್ರೆಂಚ್ ವಿಜ್ಞಾನಿಗಳು 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ ಸುತ್ತಲಿನ ಪದರಗಳನ್ನು ವಿಂಗಡಿಸಿದಾಗ ಈ ಹೆಸರು ವಿಜ್ಞಾನದಲ್ಲಿ ನೆಲೆಯಾಯಿತು. ಅದು ಕೂತ ಕಾಲಕ್ಕೆ ಪ್ಯಾರಿಸ್ಸಿನ ರೋಮನ್ ಹೆಸರಾದ ಲುಟೇಷಿಯಾದಿಂದ ‘ಲುಟೇಷಿಯನ್’ ಅಂತ ಹೆಸರಿಟ್ಟರು. ಕಾಲ್ಕೇರ್ ಗ್ರೋಸಿಯೇ ಈಗ ಅಂಕಿತನಾಮ. ಇಂಗ್ಲಿಷ್ ಭೂವಿಜ್ಞಾನಿಗಳೂ ಹಾಗೇ ಬರೆಯುತ್ತಾರೆ. ಅನುವಾದ ಮಾಡಬೇಡಿ, ಮೊದಲ ಸಲ ಬಂದಾಗ ‘ಪ್ಯಾರಿಸ್ ಸುಣ್ಣಕಲ್ಲು’ ಅಂತ ಇಂಗ್ಲಿಷಿನಲ್ಲಿ ಪಕ್ಕಕ್ಕೆ ಒಂದು ಮಾತು ಸೇರಿಸಿ.

ಭೂವಿಜ್ಞಾನಿಗೆ ಅದು ಒಂದೇ ಶಿಲೆ. ಕ್ವಾರಿಯವನಿಗೆ ಅದರಲ್ಲಿ ಹತ್ತಾರು. ಲಿಯೇ ತೆಳ್ಳನೆಯ, ನಯವಾದ, ಗಟ್ಟಿ ಪದರ. ಮೆಟ್ಟಿಲು, ಸಮಾಧಿ ಕಲ್ಲು, ಮೂರ್ತಿ, ಸಪೂರ ಕಂಬಗಳಿಗೆ ಅದನ್ನೇ ಹುಡುಕುತ್ತಿದ್ದರು. ಕ್ಲಿಕಾರ್ ಕೂಡ ಗಟ್ಟಿ. ಬಾಂ ಫ್ರಾಂ, ಬಾಂ ರುವಾಯಾಲ್ ಅಂತ ಬೇರೆ ಪದರಗಳು. ವೆರ್ಜೆಲೇ, ಲಾಂಬೂರ್ದ್ ಮೆತ್ತನೆಯವು, ಹಲ್ಲಿನ ಗರಗಸದಲ್ಲೇ ಕೊಯ್ಯಬಹುದು. ಇವಕ್ಕೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಆ ಪದರಗಳು ಇಂಗ್ಲೆಂಡಿನಲ್ಲಿಲ್ಲವಲ್ಲ. ಫ್ರೆಂಚ್ ಹೆಸರನ್ನು ಓರೆ ಅಕ್ಷರದಲ್ಲಿ ಉಳಿಸಿ, ಗಟ್ಟಿಯೋ ಮೆತ್ತಗೋ, ನಯವೋ ಒರಟೋ ಅಂತ ಒಂದು ಸಾಲು ಕೊಡಿ. ಬಾಂ ರುವಾಯಾಲನ್ನು ‘ರಾಯಲ್ ಬೆಡ್’ ಅಂತ ಮಾಡಿದರೆ ಓದುವವರು ಅರಮನೆಯ ಮಂಚ ಅಂದುಕೊಳ್ಳುತ್ತಾರೆ. ಲಾಂಬೂರ್ದ್ ಇನ್ನೂ ತಂಟೆಕೋರ. ಬಡಗಿಯ ಬಾಯಲ್ಲಿ ಅದು ಮರದ ನೆಲದ ಕೆಳಗಿನ ತೊಲೆ. ಹಣ್ಣಿನ ತೋಟದವನಿಗೆ ಪಿಯರ್ ಮರದ ಕಾಯಿ ಬಿಡುವ ಗಿಡ್ಡ ರೆಂಬೆ. ಒಂದೇ ಕಟ್ಟಡದ ವರದಿಯಲ್ಲಿ ಕಲ್ಲಿನ ಲಾಂಬೂರ್ದ್, ಮರದ ಲಾಂಬೂರ್ದ್ ಎರಡೂ ಬರಬಹುದು.

ಎಲ್ಲಕ್ಕಿಂತ ಕಪಟದ ಮಾತು ‘ರೋಶ್’. ಸಾಮಾನ್ಯ ಫ್ರೆಂಚಿನಲ್ಲಿ ಬಂಡೆ, ಶಿಲೆ ಅಂತ ಅರ್ಥ, ಶಾಲೆ ಮಕ್ಕಳಿಗೂ ಗೊತ್ತು. ಆದರೆ ಪ್ಯಾರಿಸ್ಸಿನ ಹಳೆಯ ಕಟ್ಟಡ ಲೆಕ್ಕದಲ್ಲಿ ರೋಶ್ ಅಂದರೆ ಚಿಪ್ಪುಗಳು ಕಾಣುವ, ತುಂಬಾ ಗಟ್ಟಿಯಾದ ಒಂದು ನಿರ್ದಿಷ್ಟ ಪದರದ ಕಲ್ಲು. ‘ಕೆಳಗಿನ ವರಸೆಗಳು ರೋಶ್, ಮೇಲಿನವು ಬಾಂ ರುವಾಯಾಲ್’ ಅಂತ ಇದ್ದರೆ ಅದು ನೆಲದ ತೇವ ತಡೆಯಲು ಕೆಳಗೆ ಗಟ್ಟಿ ಕಲ್ಲು ಹಾಕಿದರು ಅನ್ನುವ ಮಾಹಿತಿ. ‘ರಾಕ್’ ಅಂತ ಅನುವಾದಿಸಿದರೆ ಬಂಡೆಯ ಮೇಲೇ ಕಟ್ಟಿದ್ದಾರೆ ಅಂತಾಗುತ್ತದೆ. ಪಾಯದ ದುರಸ್ತಿ ಲೆಕ್ಕವೇ ಅಡಿಮೇಲಾಗುತ್ತದೆ. ಫ್ರೆಂಚ್ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ 1854ರಿಂದ 1868ರ ತನಕ ಹೊರತಂದ ವಾಸ್ತುಶಿಲ್ಪದ ಹತ್ತು ಸಂಪುಟದ ನಿಘಂಟಿನಲ್ಲಿ ಇಂಥ ಪದರಗಳ ಮಾತು ಧಾರಾಳವಾಗಿದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪಕ್ಕದಲ್ಲಿಟ್ಟುಕೊಳ್ಳಿ.

ಇನ್ನು ತ್ಯುಫೋ. ಲ್ವಾರ್ ನದಿಯ ಉದ್ದಕ್ಕೂ ಇರುವ ಬಿಳಿ ಅರಮನೆಗಳ ಚಿತ್ರ ನೋಡಿರುತ್ತೀರಿ, ಅದೇ ಕಲ್ಲು. ಸುಮಾರು 9 ಕೋಟಿ ವರ್ಷದ ಹಿಂದೆ ಕಡಲ ತಳದಲ್ಲಿ ಕೂತ ಮೆತ್ತನೆಯ ಸುಣ್ಣಕಲ್ಲು. ಸಣ್ಣ ಅಭ್ರಕದ ಚೂರುಗಳಿರುತ್ತವೆ. ಒಳಗೆ ಅರ್ಧದ ಹತ್ತಿರ ಬರೀ ರಂಧ್ರ. ಕೆತ್ತಲು ಸುಲಭ, ನೀರು ಕುಡಿಯುವುದೂ ಜಾಸ್ತಿ. ಸೊಮ್ಯೂರ್ ಕಡೆ ಕಲ್ಲು ತೆಗೆದ ಗುಹೆಗಳಲ್ಲಿ ಈಗ ವೈನ್ ಇಡುತ್ತಾರೆ, ಅಣಬೆ ಬೆಳೆಯುತ್ತಾರೆ. ನಿಘಂಟು ಇದಕ್ಕೆ ‘ಟೂಫಾ’ ಅಥವಾ ‘ಟಫ್’ ಅನ್ನುತ್ತದೆ. ಎರಡೂ ತಪ್ಪು. ಟಫ್ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಟೂಫಾ ಚಿಲುಮೆ ನೀರಿನ ಸುಣ್ಣ ಕಟ್ಟಿ ಆದ ತೂತು ತೂತು ಕಲ್ಲು. ಫ್ರೆಂಚಿನ ‘ತ್ಯುಫ್’ ಈ ಎರಡಕ್ಕೂ ನಡೆಯುತ್ತದೆ. ಮುಂದೆ ‘ವೋಲ್ಕಾನಿಕ್’ ಅಂತಿದ್ದರೆ ಟಫ್, ‘ಕಾಲ್ಕೇರ್’ ಅಂತಿದ್ದರೆ ಟೂಫಾ. ತ್ಯುಫೋ ಈ ಎರಡೂ ಅಲ್ಲದ ಮೂರನೆಯದು. ಹೆಸರು ಹಾಗೇ ಇಟ್ಟು ‘ಲ್ವಾರ್ ಕಣಿವೆಯ ಮೆತ್ತನೆಯ ಸುಣ್ಣಕಲ್ಲು’ ಅನ್ನಿ. ಇದನ್ನು ಟಫ್ ಅಂದುಕೊಂಡು ಯಾರಾದರೂ ಶುಚಿ ಮಾಡುವ ರಾಸಾಯನಿಕ ಆರಿಸಿದರೆ ಗತಿಯೇನು? ಆಮ್ಲ ತಾಗಿದರೆ ಸುಣ್ಣಕಲ್ಲು ನೊರೆಯುಕ್ಕಿ ಕರಗುತ್ತದೆ. ದುರಸ್ತಿ ವರದಿಯ ಅನುವಾದಕ್ಕೂ ಪ್ರವಾಸ ಕೈಪಿಡಿಯ ಅನುವಾದಕ್ಕೂ ಇರುವ ವ್ಯತ್ಯಾಸ ಇದು.

ಶಿಸ್ತ್‌ನ ಕಥೆಯೂ ಇಷ್ಟೇ ಸಿಕ್ಕು. ಇಂಗ್ಲಿಷಿನ ‘ಶಿಸ್ಟ್’ ಅಂದರೆ ಶಾಖ, ಒತ್ತಡದಲ್ಲಿ ಬದಲಾಗಿ ಅಭ್ರಕದಂಥ ಹರಳುಗಳು ಬರಿಗಣ್ಣಿಗೆ ಕಾಣುವ ಶಿಲೆ ಮಾತ್ರ. ಫ್ರೆಂಚರ ಶಿಸ್ತ್ ಹಾಳೆ ಹಾಳೆಯಾಗಿ ಸೀಳುವ ಎಲ್ಲದಕ್ಕೂ ಸಲ್ಲುತ್ತದೆ. ‘ಗಾಜ್ ದ ಶಿಸ್ತ್’ ನಮ್ಮ ಪತ್ರಿಕೆಗಳ ಶೇಲ್ ಗ್ಯಾಸ್. ಕೆನಡಾದ ಹೆಸರಾಂತ ಪಳೆಯುಳಿಕೆ ತಾಣ ಬರ್ಜೆಸ್ ಶೇಲ್ ಫ್ರೆಂಚಿನಲ್ಲಿ ಶಿಸ್ತ್ ದ ಬರ್ಜೆಸ್. ‘ಶಿಸ್ತ್ ಆರ್ದ್ವಾಜಿಯೇ’ ಸ್ಲೇಟ್. ‘ಶಿಸ್ತ್ ಕಾರ್ತೋಂ’ ಅಂದರೆ ಮಾತಿಗೆ ರಟ್ಟಿನ ಶಿಸ್ತ್, ಇಂಗ್ಲಿಷರ ‘ಪೇಪರ್ ಶೇಲ್’. ಫ್ರೆಂಚರಿಗೆ ರಟ್ಟು, ಇಂಗ್ಲಿಷರಿಗೆ ಕಾಗದ, ಅಷ್ಟೇ. ನಿಜವಾದ ಶಿಸ್ಟ್ ಬೇಕಾದಾಗ ಫ್ರೆಂಚ್ ಭೂವಿಜ್ಞಾನಿ ‘ಮಿಕಾಶಿಸ್ತ್’ ಅಂತ ಬಿಡಿಸಿ ಹೇಳುತ್ತಾನೆ. ಆದ್ದರಿಂದ ಬ್ರಿಟನಿ ಕಡೆಯ ಮನೆಯ ಗೋಡೆ ಶಿಸ್ತ್ ಅಂತ ಬರೀ ಒಂದು ಪದ ಇದ್ದರೆ, ಆ ಊರಿನ ಭೂವೈಜ್ಞಾನಿಕ ನಕ್ಷೆ ನೋಡುವುದೇ ಸರಿ. ಫ್ರಾನ್ಸಿನ ನಕ್ಷೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ.

ಲೋಜ್ ಮಾಡಿನ ಹೆಸರು. ಚಪ್ಪಟೆಯಾಗಿ ಸೀಳಿ ಹಂಚಿನ ಹಾಗೆ ಹೊದಿಸಬಹುದಾದ ಯಾವ ಕಲ್ಲೂ ಲೋಜ್. ದಕ್ಷಿಣ ಫ್ರಾನ್ಸಿನ ಸೆವೆನ್ ಎಂಬ ಬೆಟ್ಟಸಾಲಿನಲ್ಲಿ ಅದು ಶಿಸ್ಟ್, ಪೆರಿಗೋರ್‌ನಲ್ಲಿ ಸುಣ್ಣಕಲ್ಲು, ವೆಲೇ ಸೀಮೆಯಲ್ಲಿ ತಟ್ಟಿದರೆ ಠಣ್ ಅನ್ನುವ ಫೋನೊಲೈಟ್ ಎಂಬ ಜ್ವಾಲಾಮುಖಿ ಶಿಲೆ. ಇಂಗ್ಲಿಷಿನಲ್ಲಿ ‘ಸ್ಟೋನ್ ಸ್ಲೇಟ್’ ಅನ್ನಿ, ಸೊಗಸಾಗಿ ಹೊಂದುತ್ತದೆ. ಯಾಕೆಂದರೆ ಇಂಗ್ಲಿಷ್ ಮಾಡು ಕೆಲಸದವರೂ ಇದೇ ಚಾಳಿಯವರು. ಕಾಟ್ಸ್‌ವೋಲ್ಡ್ ಸೀಮೆಯ ಸ್ಟೋನ್ಸ್‌ಫೀಲ್ಡ್ ಸ್ಲೇಟ್ ಸ್ಲೇಟೇ ಅಲ್ಲ, ಸುಣ್ಣದ ಅಂಶದ ಕಲ್ಲು. ಇದೇ ಗುಂಪಿನಲ್ಲಿ ‘ಲಾವ್’ ಒಂದಿದೆ, ನೋಡಿ. ಬರ್ಗಂಡಿಯ ಮನೆಗೆ ‘ಲಾವ್ ಹೊದಿಸಿದ ಮಾಡು’ ಅಂತಿದ್ದರೆ ಅದು ಸುಣ್ಣಕಲ್ಲಿನ ಚಪ್ಪಡಿ. ಅದೇ ಓವೆರ್ನ್‌ನ ಕ್ಲೆರ್ಮೋಂ ಫೆರಾಂಗೆ ಬಂದರೆ ಲಾವ್ ನಿಜವಾಗಿಯೂ ಲಾವಾ. ಅಲ್ಲಿನ ಕಪ್ಪು ಕೆಥೆಡ್ರಲ್ ವೋಲ್ವಿಕ್‌ನ ಲಾವಾ ಶಿಲೆಯದ್ದು. ಊರಿನ ಹೆಸರು ನೋಡದೆ ಅನುವಾದ ಮಾಡಿದರೆ ಬರ್ಗಂಡಿಯಲ್ಲಿ ಜ್ವಾಲಾಮುಖಿ ಎಬ್ಬಿಸಿಬಿಡುತ್ತೀರಿ.

ಮೊಲಿಯೇರ್ ಬೀಸುವ ಕಲ್ಲಿನ ಹೆಸರು. ಪ್ಯಾರಿಸ್ ಸುತ್ತ ಸಿಗುವ, ಚಕಮಕಿ ಕಲ್ಲಿನ ಜಾತಿಯ, ತೂತು ತೂತಾದ ಭಾರೀ ಗಟ್ಟಿ ಕಲ್ಲು. ಲಾ ಫೆರ್ತೇ ಸು ಜುವಾರ್ ಊರಿನಿಂದ ಇದರ ಬೀಸುವ ಕಲ್ಲುಗಳು ಇಂಗ್ಲೆಂಡ್, ಅಮೆರಿಕಕ್ಕೆ ಹೋಗುತ್ತಿದ್ದವು. ತುಂಡುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಕೂಡಿಸಿ, ಸುತ್ತ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಗಿರಣಿಯವರ ಇಂಗ್ಲಿಷಿನಲ್ಲಿ ಅದು ‘ಫ್ರೆಂಚ್ ಬರ್’. ಗಿರಣಿಯ ಬರಹವಾದರೆ ಅದನ್ನೇ ಹಾಕಿ. ಆದರೆ ಪ್ಯಾರಿಸ್ ಹೊರವಲಯದಲ್ಲಿ ನೂರು ವರ್ಷದ ಹಿಂದೆ ಎದ್ದ ಮೊಲಿಯೇರ್ ಬಂಗಲೆಗಳಿಗೆ ಈ ಹೆಸರು ಒಗ್ಗದು. ಮೊಲಿಯೇರ್ ಅಂತಲೇ ಇಟ್ಟು ವಿವರಿಸಿ. ‘ಮಿಲ್‌ಸ್ಟೋನ್ ಗ್ರಿಟ್’ ಅಂತ ಮಾತ್ರ ಬರೆಯಬೇಡಿ. ಅದು ಇಂಗ್ಲೆಂಡಿನ ಪೆನೈನ್ ಬೆಟ್ಟಗಳ ಮರಳುಗಲ್ಲು.

ವ್ಯಾಪಾರಿಯ ಹೆಸರುಗಳನ್ನು ಬೇಗ ಮುಗಿಸುತ್ತೇನೆ, ಈ ಚಾಳಿ ನಮಗೂ ಗೊತ್ತು. ಚಾಮರಾಜನಗರದ ‘ಬ್ಲ್ಯಾಕ್ ಗ್ರಾನೈಟ್’ ಭೂವಿಜ್ಞಾನಿಗೆ ಡೋಲರೈಟ್ ಅಲ್ವಾ? ಫ್ರೆಂಚರು ಇಲ್ಲೊಂದು ಅನುಕೂಲ ಮಾಡಿಕೊಂಡಿದ್ದಾರೆ. ಕಲ್ಲು ಕೆತ್ತುವವರು, ಮಾರುವವರು ಕೊನೆಯ ‘ಇ’ ಅಕ್ಷರವಿಲ್ಲದೆ ಗ್ರಾನಿಟ್ ಅಂತ ಬರೆಯುವುದು ರೂಢಿ. ಭೂವಿಜ್ಞಾನಿ ‘ಇ’ ಸೇರಿಸುತ್ತಾನೆ. ಅದನ್ನು ಕಾಗುಣಿತದ ತಪ್ಪು ಅಂದುಕೊಳ್ಳದೆ, ಮಾತಾಡುತ್ತಿರುವುದು ಯಾರು ಅನ್ನುವ ಗುರುತಾಗಿ ನೋಡಿ. ಬೆಲ್ಜಿಯಮ್ಮಿನ ‘ಪೆತಿ ಗ್ರಾನಿಟ್’ ಅಂತೂ ಗ್ರಾನೈಟಿನ ಹತ್ತಿರವೂ ಸುಳಿಯದ ನೀಲಿ ಬೂದು ಸುಣ್ಣಕಲ್ಲು. ಪಳೆಯುಳಿಕೆಯ ಚೂರುಗಳು ಹೊಳೆದು ಗ್ರಾನೈಟಿನ ಹಾಗೆ ಕಾಣುತ್ತವೆ. ಇಂಗ್ಲಿಷಿನಲ್ಲಿ ‘ಬೆಲ್ಜಿಯನ್ ಬ್ಲೂ ಸ್ಟೋನ್’. ಬೆಲ್ಜಿಯನ್ ಅನ್ನುವುದನ್ನು ಬಿಡುವಂತಿಲ್ಲ. ಬರೀ ಬ್ಲೂಸ್ಟೋನ್ ಅಂದರೆ ನ್ಯೂಯಾರ್ಕಿನವರಿಗೆ ಮರಳುಗಲ್ಲು, ಮೆಲ್ಬರ್ನಿನವರಿಗೆ ಬಸಾಲ್ಟ್, ಸ್ಟೋನ್‌ಹೆಂಜ್ ಓದಿದವರಿಗೆ ಡೋಲರೈಟ್.

ಈಗ ನಿಮ್ಮ ಕೈಯಲ್ಲಿರುವ ಕೆಲಸಕ್ಕೆ. ಯುರೋಪಿನಲ್ಲಿ ಇಎನ್ 12440 ಅಂತ ಒಂದು ಮಾನದಂಡವಿದೆ. ಅದರ ಪ್ರಕಾರ ಮಾರುವ ಕಲ್ಲಿಗೆ ಸಾಂಪ್ರದಾಯಿಕ ಹೆಸರು, ಶಿಲೆಯ ಜಾತಿ, ಬಣ್ಣ, ತೆಗೆದ ಜಾಗ ಇಷ್ಟನ್ನು ಹೇಳಬೇಕು. ಹಳೆಯ ಹೆಸರನ್ನು ಅನುವಾದ ಮಾಡಿ ಅನ್ನುವುದಿಲ್ಲ. ನೀವೂ ಹಾಗೇ ಮಾಡಿ. ಹೆಸರು ಫ್ರೆಂಚಿನಲ್ಲೇ ಇರಲಿ, ಮೊದಲ ಸಲ ಬಂದಾಗ ಜಾತಿ ಮತ್ತು ಊರು ಇಂಗ್ಲಿಷಿನಲ್ಲಿ ಸೇರಲಿ, ಆಮೇಲೆ ಹೆಸರು ಮಾತ್ರ ಸಾಕು. ಮೇಸ್ತ್ರಿಯ ಕೆಲಸದ ಮಾತುಗಳನ್ನು, ಅಂದರೆ ಮ್ವಾಲೋಂ, ಪಾರ್ಪೇಂ, ದೇಲೀ (ಗೋಥಿಕ್ ಕಂಬಗಳದ್ದು ಬಿಟ್ಟು), ಬ್ಲೋಕಾಜ್ ಇಂಥವನ್ನು ಮಾತ್ರ ಪೂರ್ತಿ ಇಂಗ್ಲಿಷ್ ಮಾಡಿ. ಅವಕ್ಕೆ ಸಮನಾದ ಕಸುಬಿನ ಮಾತು ಅಲ್ಲಿಯೂ ಇದೆ.

ಕೆಲಸ ಕೊಟ್ಟವರಿಗೆ ಈಗಲೇ ಒಂದು ಪತ್ರ ಬರೆಯಿರಿ. ಓದುವವರು ಬ್ರಿಟಿಷರೋ ಅಮೆರಿಕದವರೋ, ಎಂಜಿನಿಯರೋ ಪ್ರವಾಸಿಗರೋ ಅಂತ ಕೇಳಿ. ಪ್ರತಿ ಕಟ್ಟಡ ಯಾವ ಜಿಲ್ಲೆಯದು, ಕ್ವಾರಿಯ ಹೆಸರು ಗೊತ್ತಿದೆಯೇ ಅಂತ ಕೇಳಿ. ಶಿಸ್ತ್, ತ್ಯುಫ್, ಲಾವ್, ರೋಶ್ ಬಂದ ವಾಕ್ಯಗಳನ್ನೆಲ್ಲ ಒಂದೇ ಹಾಳೆಗೆ ಹಾಕಿ, ಪಕ್ಕದಲ್ಲಿ ನಿಮ್ಮ ಇಂಗ್ಲಿಷ್ ಬರೆದು, ಸ್ಥಳದಲ್ಲಿರುವ ಎಂಜಿನಿಯರಿಗೆ ತೋರಿಸಲು ಹೇಳಿ. ದೇಲೀ ಬಂದ ಕಡೆಯೆಲ್ಲ ಆ ಕಲ್ಲಿನ ಹತ್ತಿರದ ಫೋಟೋ ತರಿಸಿಕೊಳ್ಳಿ, ಪದರದ ಗೆರೆ ಕಾಣುವಂತಿರಬೇಕು.